ಗಿರಿಜಮ್ಮನವರಿಗೆ ಹೇಳದೆ ಬಿಟ್ಟದ್ದು

ಗಿರಿಜಮ್ಮ, ಅವತ್ತು ನೀವು ಏನನ್ನೂ ಮರೆತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಾನು ನಿಮಗೆ ಹೇಳಿರಲೇ ಇಲ್ಲ. ಹೇಳಿದ್ದೇನೆಂದು ನಿಮ್ಮ ಎದುರಿಗೇ ಸುಳ್ಳಾಡಿದೆ — ನಿಮಗೆ ಬಾರದ ಇಂಗ್ಲಿಷಿನಲ್ಲಿ. ಈ ನಾಲ್ಕು ಸಾಲು ಬರೆಯಲು ನನಗೆ ಹದಿನಾಲ್ಕು ವರ್ಷ ಹಿಡಿದಿದೆ.

ನನ್ನನ್ನು ನೀವು ಮರೆತಿರಲಾರಿರಿ. ಚಾಮರಾಜಪೇಟೆಯ ಹೆಂಗಸರ ಔಷಧಾಲಯದಲ್ಲಿ ಪರದೇಶದ ಡಾಕ್ಟರಮ್ಮನ ಪಕ್ಕದಲ್ಲಿ ನಿಂತು, ಅವರ ಇಂಗ್ಲಿಷನ್ನು ಕನ್ನಡಕ್ಕೂ ನಿಮ್ಮೆಲ್ಲರ ಕನ್ನಡವನ್ನು ಇಂಗ್ಲಿಷಿಗೂ ಮಾಡುತ್ತಿದ್ದ ಲಕ್ಷಮ್ಮ ನಾನು. ಕೆಂಪು ಸೀರೆ, ಬೋಳು ತಲೆ. ಗಂಡನ ಮನೆಯ ಹೊಸಿಲನ್ನು ತುಳಿಯುವ ಮೊದಲೇ ಗಂಡ ತೀರಿಹೋಗಿದ್ದ. ಬಸವನಗುಡಿಯಲ್ಲಿ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದುಕೊಂಡು, ಅವನು ಓದಿ ಬಿಟ್ಟ ಪುಸ್ತಕಗಳಿಂದಲೇ ಇಂಗ್ಲಿಷ್ ಕಲಿತವಳು. ಅಣ್ಣ ನನ್ನನ್ನು ಕೆಲಸಕ್ಕೆ ಕಳಿಸಲು ಒಪ್ಪಿದ್ದೇ ದೊಡ್ಡ ಮಾತು. ಸಂಜೆ ಮನೆಗೆ ಹೋದವಳು ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡೇ ಒಳಗೆ ಕಾಲಿಡಬೇಕಿತ್ತು.

ನೀವು ಮೊದಲು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ನಿಮಗಾಗ ಇಪ್ಪತ್ತನಾಲ್ಕು ವರ್ಷ. ನಿಮ್ಮ ಯಜಮಾನರೇ ಜಟಕಾದಲ್ಲಿ ಕರೆತಂದಿದ್ದರು. ಪೇಟೆಯಲ್ಲಿ ಜವಳಿ ಅಂಗಡಿ ಇರುವವರು, ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ನೀವು ಇಳಿಯುವ ಮುಂಚೆ ಅವರು ಮೆಟ್ಟಿಲ ಮೇಲಿನ ಧೂಳನ್ನು ತಮ್ಮ ಶಲ್ಯದಿಂದ ಒರೆಸಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಆ ಶಲ್ಯದ ಮಾತನ್ನು ಆಮೇಲೆ ಹೇಳುತ್ತೇನೆ — ಹೇಳಲೇಬೇಕು.

ಡಾಕ್ಟರಮ್ಮನ ಮುಂದೆ ನೀವು ತಲೆ ಎತ್ತಲಿಲ್ಲ. ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಮಾತನ್ನೆಲ್ಲ ನನ್ನೊಡನೆಯೇ ಆಡಿದಿರಿ.

"ಒಟ್ಟಿಗೆ ಇರೋಕೆ ಶುರುವಾಗಿ ಮೂರು ವರ್ಷ ಆಯ್ತು ಲಕ್ಷಮ್ಮನೋರೆ. ಆಗಲ್ಲ. ಮೈಯೆಲ್ಲ ಮರಗಟ್ಟಿಬಿಡುತ್ತೆ. ಪ್ರಾಣ ಹೋಗೋಷ್ಟು ನೋವು. ಅವರು ಪಾಪ, ನಾನು ಅತ್ತರೆ ಎದ್ದು ಹೊರಗೆ ಹೋಗ್ಬಿಡ್ತಾರೆ. ಒಂದು ದಿನಾನೂ ಬಲವಂತ ಮಾಡಿದವರಲ್ಲ." ಆಮೇಲೆ ಇನ್ನೂ ಮೆಲ್ಲಗೆ — "ಯುಗಾದಿವರೆಗೂ ನೋಡ್ತೀನಿ ಅಂದಿದಾರೆ ನಮ್ಮತ್ತೆ. ಅಷ್ಟರಲ್ಲಿ ಸರಿಹೋಗ್ದಿದ್ರೆ ಅವರ ತಮ್ಮನ ಮಗಳನ್ನ ಇವರಿಗೆ ತಂದ್ಕೊಳ್ತಾರಂತೆ."

ಡಾಕ್ಟರಮ್ಮ ಪರೀಕ್ಷೆ ಮಾಡಿ, ದೇಹದಲ್ಲಿ ಯಾವ ಊನವೂ ಇಲ್ಲ, ಹೆದರಿಕೆಗೆ ಸ್ನಾಯುಗಳು ಬಿಗಿದುಕೊಳ್ಳುತ್ತಿವೆ, ಇದು ವಾಸಿಯಾಗುವಂಥದ್ದು ಎಂದರು. ಇಷ್ಟನ್ನು ನಾನು ಸರಿಯಾಗಿಯೇ ಹೇಳಿದೆ. ನಿಮ್ಮ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಬೀರುವಿನಿಂದ ಒಂದು ಮರದ ಪೆಟ್ಟಿಗೆ ತೆಗೆದರು. ಅದರಲ್ಲಿ, ಬಿಗಿದ ಸ್ನಾಯುಗಳನ್ನು ಮೆಲ್ಲಗೆ ಸಡಿಲಿಸಲು ಒಳಗೆ ಇಟ್ಟುಕೊಳ್ಳುವ ರಬ್ಬರಿನ ಮೂರು ಕಡ್ಡಿಗಳು — ಒಂದು ಕಿರುಬೆರಳಿನಷ್ಟು, ಒಂದು ಹೆಬ್ಬೆರಳಿನಷ್ಟು, ಇನ್ನೊಂದು ಅದಕ್ಕಿಂತ ದಪ್ಪ. ಜೊತೆಗೊಂದು ಪುಟ್ಟ ಭರಣಿ. ಭರಣಿಯಲ್ಲಿದ್ದದ್ದು ಗೋಂದಿನ ಲೋಳೆ. ಗೋಂದನ್ನು ಕುದಿಸಿ ಆರಿಸಿದ ನೀರಿನಲ್ಲಿ ನೆನೆಹಾಕಿ, ತೆಳುಬಟ್ಟೆಯಲ್ಲಿ ಸೋಸಿ ಅದನ್ನು ನಾನೇ ಮಾಡಿಟ್ಟಿದ್ದೆ.

ಅವತ್ತು ಡಾಕ್ಟರಮ್ಮ ಹೇಳಿದ ಒಂದೊಂದು ಮಾತೂ ನನಗೆ ನೆನಪಿದೆ. ಮರೆಯಲು ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ. ಅವರು ಹೇಳಿದರು: ಎಲ್ಲಕ್ಕಿಂತ ಚಿಕ್ಕದರಿಂದ ಶುರುಮಾಡಲಿ. ಲೋಳೆಯನ್ನು ಜಿಪುಣತನ ಮಾಡದೆ ಹಚ್ಚಲಿ — ಕಡ್ಡಿಗೂ, ತನಗೂ. ಒಣಗಿತು ಅನ್ನಿಸಿದರೆ ನಿಲ್ಲಿಸಿ ಮತ್ತೆ ಹಚ್ಚಿಕೊಳ್ಳಲಿ. ಈ ಲೋಳೆಯನ್ನಲ್ಲದೆ ಬೇರೇನನ್ನೂ ಹಚ್ಚಬಾರದು. ಅದರಲ್ಲೂ ಎಣ್ಣೆ, ತುಪ್ಪ, ಬೆಣ್ಣೆ ಕೂಡದು — ಎಣ್ಣೆ ರಬ್ಬರನ್ನು ತಿಂದುಹಾಕುತ್ತದೆ. ಮುಗಿದ ಮೇಲೆ ಸೋಪು, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಶುಭ್ರವಾದ ಬಟ್ಟೆಯಲ್ಲಿ ಸುತ್ತಿಡಲಿ. ಲೋಳೆ ಹುಳಿವಾಸನೆ ಬಂದರೆ ಚೆಲ್ಲಿ, ಬಂದು ಹೊಸದನ್ನು ಒಯ್ಯಲಿ. ನೋವಾದರೆ ಅಲ್ಲಿಗೇ ನಿಲ್ಲಿಸಲಿ — ತಡೆದುಕೊಳ್ಳಬಾರದು, ತಡೆದುಕೊಂಡಷ್ಟೂ ಮೈ ಇನ್ನಷ್ಟು ಹೆದರುತ್ತದೆ. ವಾರಗಳಾಗಲಿ, ತಿಂಗಳುಗಳಾಗಲಿ, ಅವಸರವಿಲ್ಲ. ಗಂಡ ಒಳ್ಳೆಯವನಂತೆ ಕಾಣುತ್ತಾನೆ, ಅವಳು ಬಯಸಿದರೆ ಅವನೂ ಜೊತೆಗಿರಲಿ.

ಕೊನೆಗೆ ಅವರೆಂದದ್ದು ಒಂದು ಮಾತು: ನಮ್ಮ ದೇಶದಲ್ಲಿ ಯಾವ ಕಾಯಿಲೆಯೂ ಇಲ್ಲದವರು ಕೂಡ ಗಂಡಹೆಂಡಿರ ಸುಖಕ್ಕೆಂದು ಇಂಥವನ್ನು ಗುಟ್ಟಾಗಿ ಇಟ್ಟುಕೊಳ್ಳುವುದುಂಟು, ನಾಚಬೇಕಾಗಿಲ್ಲ ಎಂದು ಹೇಳು. ಇದು ಮಗುವಿಗಾಗಿ ಮಾತ್ರವಲ್ಲ, ಅತ್ತೆಗಾಗಿ ಅಂತೂ ಅಲ್ಲ. ಇದು ಅವಳ ಸುಖಕ್ಕೆ. ಅದನ್ನು ಮುಖ್ಯವಾಗಿ ಹೇಳು.

ನಾನು ನಿಮಗೆ ಹೇಳಿದ್ದು ಇಷ್ಟು: "ಈ ಔಷಧಿ ಸವರಿಕೊಂಡು ಇವನ್ನ ದಿನಾ ಉಪಯೋಗಿಸ್ಬೇಕಂತೆ. ಮಗು ಆಗೋದಕ್ಕೆ."

ನೀವು ಕೇಳಿದಿರಿ, "ನೋವಾದ್ರೆ?"

"ಹಲ್ಲು ಕಚ್ಕೊಂಡು ತಡ್ಕೊಳ್ಳಿ."

"ಔಷಧಿ ಖಾಲಿ ಆದ್ರೆ?"

"ಮನೇಲಿ ಎಣ್ಣೆ ಇರುತ್ತಲ್ಲ."

ಡಾಕ್ಟರಮ್ಮ ಕೈ ತೊಳೆಯುತ್ತ ಕೇಳಿದರು, ಎಲ್ಲವನ್ನೂ ಹೇಳಿದೆಯಾ ಎಂದು. ಹೇಳಿದೆ ಎಂದೆ. ಇಷ್ಟು ಬೇಗ ಮುಗಿಯಿತೇ ಎಂದು ಒಂದು ಕ್ಷಣ ನನ್ನ ಮುಖ ನೋಡಿದರು. ಕನ್ನಡ ಚುಟುಕಾದ ಭಾಷೆ ಎಂದುಕೊಂಡರೋ ಏನೋ —

ನೀವು ಮತ್ತೆ ಬಂದದ್ದು ಐದು ವಾರದ ಮೇಲೆ, ಮೈ ಸುಡುವ ಜ್ವರದಲ್ಲಿ. ಜಟಕಾದಿಂದ ನಿಮ್ಮನ್ನು ಯಜಮಾನರು ತೋಳಿನಲ್ಲೇ ಇಳಿಸಿಕೊಂಡರು. ಲೋಳೆ ಆರನೆಯ ದಿನಕ್ಕೇ ಮುಗಿದಿತ್ತು. ನಾನು ಹೇಳಿದಂತೆ ನೀವು ಹರಳೆಣ್ಣೆ ಹಚ್ಚಿದ್ದಿರಿ. ನಾನು ಹೇಳಿದಂತೆ ಹಲ್ಲು ಕಚ್ಚಿದ್ದಿರಿ. ಯುಗಾದಿ ಹತ್ತಿರ ಬಂತೆಂದು ಚಿಕ್ಕದನ್ನು ಬಿಟ್ಟು ನೇರವಾಗಿ ದೊಡ್ಡದಕ್ಕೆ ಹೋಗಿದ್ದಿರಿ, ಏಕೆಂದರೆ ಅವಸರವಿಲ್ಲ ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಡಾಕ್ಟರಮ್ಮ ಪೆಟ್ಟಿಗೆ ತೆರೆದರು. ರಬ್ಬರು ಉಬ್ಬಿ, ಅಂಟಂಟಾಗಿ, ಮೇಲ್ಮೈ ಬಿರಿದು ಸಿಪ್ಪೆ ಏಳುತ್ತಿತ್ತು. ಆ ಬಿರುಕುಗಳೇ ನಿಮ್ಮನ್ನು ಒಳಗೆ ಗೀರಿದ್ದವು, ಆ ಗಾಯಗಳೇ ಕೀವಾಗಿದ್ದವು. ಅವರು ಅದನ್ನು ಮೂಗಿನ ಹತ್ತಿರ ಹಿಡಿದರು.

"ಎಣ್ಣೆ," ಎಂದರು. "ಎಣ್ಣೆ ಬೇಡವೆಂದು ನೀನು ಇವಳಿಗೆ ಹೇಳಲಿಲ್ಲವೇ?"

"ಹೇಳಿದ್ದೆ ಮೇಡಂ. ಆಕೆ ಮರೆತಿರಬೇಕು."

ಏನಂತಾರೆ ಎಂದು ನೀವು ನನ್ನನ್ನು ಕೇಳಿದಿರಿ. ಆಗಲಾದರೂ ನನಗೆ ಬಾಯಿ ಬರಬಹುದಿತ್ತು. ಎಣ್ಣೆ ಹಚ್ಚಬಾರದು ಅಂತ ಹೇಳಿದ್ದನ್ನು ನೀವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವಂತೆ, ಎಂದೆ. ನೀವು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೆನಪು ಮಾಡಿಕೊಂಡಿರಿ. ನಾನು ಆಡದೇ ಇದ್ದ ಮಾತನ್ನು ನೀವು ನಿಮ್ಮೊಳಗೆ ಹುಡುಕುತ್ತಿದ್ದಿರಿ, ಅದನ್ನು ನಾನು ನಿಂತು ನೋಡಿದೆ.

"ಇರ್ಬಹುದು," ಎಂದಿರಿ. "ಹೆದರಿಕೇಲಿ ಮರ್ತುಬಿಟ್ಟೆನೇನೋ. ತಪ್ಪಾಯ್ತು ಅಂತ ಹೇಳಿ ಅವರಿಗೆ."

ಆ ಕ್ಷಮಾಪಣೆಯನ್ನು ಮಾತ್ರ ನಾನು ಅಕ್ಷರ ಬಿಡದೆ ಇಂಗ್ಲಿಷಿಗೆ ತಂದೆ.

ನಾಚಿಕೆಯಿಂದ ಹೀಗಾಯಿತು ಎಂದು ಬರೆದು ಮುಗಿಸಬಹುದಿತ್ತು. ಓದುವವರು ನಂಬುತ್ತಿದ್ದರು — ಮಡಿ ಹೆಂಗಸು, ಇಂಥ ಮಾತನ್ನು ಬಾಯಿಗೆ ಹೇಗೆ ತಂದಾಳು ಎಂದು. ಆದರೆ ಆ ಔಷಧಾಲಯದಲ್ಲಿ ನಾನು ಹೇಳದ ಮಾತಿರಲಿಲ್ಲ. ಹೆರಿಗೆಯ ಮಾತು, ಮುಟ್ಟಿನ ಮಾತು, ಗಂಡಸರು ಹೊರಗಿನಿಂದ ತಂದ ಕಾಯಿಲೆಗಳ ಮಾತು, ಎಲ್ಲವನ್ನೂ ಮುಖ ಕೆಂಪಗಾಗದೆ ಆಡುತ್ತಿದ್ದೆ. ನೋವಿನ ಮಾತುಗಳಿಗೆ ನನ್ನ ನಾಲಿಗೆ ಚೆನ್ನಾಗಿ ಪಳಗಿತ್ತು. ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಸುಖ ಎಂಬ ಒಂದು ಮಾತು. ಅದನ್ನು ಹೇಳಬಾರದು ಅನ್ನಿಸಿದ ಮೇಲೆ ಅದರ ಹಿಂದುಮುಂದಿನದೂ ಬೇಡವಾಯಿತು.

ನಾಚಿಕೆಯಲ್ಲ ಗಿರಿಜಮ್ಮ, ಹೊಟ್ಟೆಕಿಚ್ಚು. ಶಲ್ಯದಿಂದ ಮೆಟ್ಟಿಲು ಒರೆಸುವ ಗಂಡ. ಅತ್ತರೆ ಎದ್ದು ಹೊರಗೆ ಹೋಗುವ ಗಂಡ. ಸಾಲದ್ದಕ್ಕೆ, ಇದು ಅವಳ ಸುಖಕ್ಕೆ ಎಂದು ಹೇಳು ಎಂದು ಸಮುದ್ರದಾಚೆಯಿಂದ ಬಂದವಳೊಬ್ಬಳು ನನಗೇ ಅಪ್ಪಣೆ ಮಾಡುತ್ತಾಳೆ. ನನಗೆ ಯಾರು ಏನು ಹೇಳಿದ್ದರು? ಆಗ ಮೂವತ್ತು ವರ್ಷದ ಈ ಮೈ ಬದುಕಿದೆಯೇ ಎಂದು ಕೇಳಿದವರುಂಟೇ? ನೀವೂ ಸ್ವಲ್ಪ ಹಲ್ಲು ಕಚ್ಚಿ ನೋಡಿ ಅಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ, ಇದೇ ಮಾತುಗಳಲ್ಲಿ. ನಿಮಗೆ ಜ್ವರ ಬರಲಿ ಎಂದು ಬಯಸಿರಲಿಲ್ಲ. ಆದರೆ ನಿಮಗೆ ಒಳ್ಳೆಯದಾಗಲಿ ಎಂದೂ ಬಯಸಲಿಲ್ಲವಲ್ಲ —

ಮೂರು ವಾರ ಮಲಗಿದ್ದು ನೀವು ಗುಣವಾದಿರಿ. ಮತ್ತೆ ಮೊದಲಿನಿಂದ ಶುರುಮಾಡೋಣ, ಗಾಜಿನದನ್ನು ತರಿಸುತ್ತೇನೆ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ನೀವು ಒಪ್ಪಲಿಲ್ಲ. ಒಂದು ಮಾತನ್ನೂ ಸರಿಯಾಗಿ ನಡೆಸಲಾರದವಳು ನಾನು, ನನಗೆ ಬೇಡ ಎಂದಿರಿ. ಯುಗಾದಿ ಕಳೆಯಿತು. ವೈಶಾಖದಲ್ಲಿ ನಿಮ್ಮ ಯಜಮಾನರಿಗೆ ಎರಡನೆಯ ಮದುವೆಯಾಯಿತು. ಅದರ ಮುಂಚಿನ ದಿನ ಅವರು ಪೆಟ್ಟಿಗೆ ಹಿಂದಿರುಗಿಸಲು ಬಂದಿದ್ದರು. ಜಗುಲಿಯಲ್ಲಿ ನಿಂತು, ನನ್ನ ಕಡೆ ನೋಡದೆ, "ಊಟ ಬಿಟ್ಟಿದಾಳೆ. ತಾನೇ ತಪ್ಪು ಮಾಡ್ದೆ ಅಂತ ಒಂದೇ ಸಮನೆ ಅಂತಾಳೆ. ನಿಜವಾಗಿ ಹೇಳಿದ್ರಾಮ್ಮ ಅವಳಿಗೆ, ಎಣ್ಣೆ ಬೇಡ ಅಂತ?" ಎಂದು ಕೇಳಿದರು. ಅನುಮಾನದಿಂದ ಕೇಳಿದ್ದಲ್ಲ. ನಿಮಗೆ ಸಮಾಧಾನ ಹೇಳಲು ಒಂದು ದಾರಿ ಹುಡುಕುತ್ತಿದ್ದರು. ಹೇಳಿದ್ದೆ ಎಂದೆ. ಅವರು ತಲೆ ತಗ್ಗಿಸಿ ಹೊರಟುಹೋದರು.

ಎರಡು ವರ್ಷದ ಮೇಲೆ ನಿಮ್ಮ ಸವತಿಯ ಚೊಚ್ಚಲ ಹೆರಿಗೆಗೆ ಅವಳನ್ನು ನೀವೇ ಕರೆತಂದಿರಿ. ನನ್ನನ್ನು ಕಂಡು ನಕ್ಕಿರಿ. ಬೆಂಚಿನ ಮೇಲೆ ಅವಳನ್ನು ಕೂರಿಸಿ ನನ್ನ ಕಡೆ ತೋರಿಸಿ ಹೇಳಿದಿರಿ — "ಲಕ್ಷಮ್ಮನೋರು ಏನು ಹೇಳ್ತಾರೋ ಕಿವಿಗೊಟ್ಟು ಕೇಳಿಸ್ಕೊ. ನಾನು ಕೇಳಿಸ್ಕೊಳ್ದೆ ಕೆಟ್ಟೆ."

ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತೆನೋ ಇಲ್ಲವೋ ನೆನಪಿಲ್ಲ. ಹೊರಗೆ ಬಂದು ನಿಜ ಹೇಳಲಿಲ್ಲ ಎಂಬುದಷ್ಟೇ ನೆನಪಿದೆ.

ಆ ಡಾಕ್ಟರಮ್ಮ ತಮ್ಮ ದೇಶಕ್ಕೆ ಹೊರಟುಹೋದರು. ಕನ್ನಡ ಬಲ್ಲ ಡಾಕ್ಟರಮ್ಮ ಬಂದರು. ದುಭಾಷಿ ಬೇಕಿಲ್ಲದೆ ನಾನು ಔಷಧಿ ಕೊಡುವ ಕೆಲಸಕ್ಕೆ ಬಂದೆ. ಗೋಂದು ನೆನೆಹಾಕುವುದು, ಸೋಸುವುದು, ಭರಣಿಗೆ ತುಂಬುವುದು ಈಗಲೂ ನನ್ನದೇ. ಕೊಡುವಾಗ ಎಲ್ಲವನ್ನೂ ಹೇಳುತ್ತೇನೆ — ಎಣ್ಣೆ ಬೇಡ, ಧಾರಾಳವಾಗಿ ಹಚ್ಚಿ, ತೊಳೆದಿಡಿ, ನೋವಾದರೆ ನಿಲ್ಲಿಸಿ. ಆ ಕೊನೆಯ ಮಾತನ್ನು ಮಾತ್ರ ಇಷ್ಟು ವರ್ಷ ಹೇಳಿರಲಿಲ್ಲ. ಹೋದ ವಾರ ಹೇಳಿದೆ. ಮಲ್ಲೇಶ್ವರದಿಂದ ಬಂದ ಹೆಂಗಸು, ಹೂವಿನ ವ್ಯಾಪಾರದವಳು, ನಿಮ್ಮ ಆಗಿನ ವಯಸ್ಸಿನವಳೇ, ನಿಮ್ಮದೇ ತೊಂದರೆ. ಇದು ನಿಮ್ಮ ಸುಖಕ್ಕೂ ಕಣಮ್ಮ, ನಾಚ್ಕೋಬೇಡಿ ಎಂದೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕು, "ಇಷ್ಟೇನಾ? ನಾನೇನೋ ದೊಡ್ಡ ಶಿಕ್ಷೆ ಅಂದ್ಕೊಂಡಿದ್ದೆ," ಎಂದು ಭರಣಿಯನ್ನು ಮಡಿಲಿಗೆ ಹಾಕಿಕೊಂಡು ಹೋದಳು.

ಇಷ್ಟೇ. ಒಂದು ವೀಳ್ಯದೆಲೆ ಮಡಿಸುವಷ್ಟು ಹೊತ್ತು ಹಿಡಿಯಿತು ಎಲ್ಲವನ್ನೂ ಹೇಳಲು. ಅಷ್ಟು ಹೊತ್ತನ್ನು ನಾನು ನಿಮಗೆ ಕೊಡಲಿಲ್ಲ.

ಈ ಕಾಗದವನ್ನು ನಿಮಗೆ ಕಳಿಸೋಣವೆಂದೇ ಕೂತೆ. ಬರೆಯುತ್ತ ಬರೆಯುತ್ತ ನೆನಪಾಯಿತು, ನಿಮಗೆ ಓದು ಬರುವುದಿಲ್ಲ. ಯಾರಿಂದ ಓದಿಸಿಕೊಳ್ಳುತ್ತೀರಿ? ನಿಮ್ಮ ಮಾತನ್ನು ಇನ್ನೊಬ್ಬರ ಬಾಯಿಗೆ ಕೊಟ್ಟು ಒಮ್ಮೆ ಕೆಟ್ಟಿದ್ದೀರಿ. ಮತ್ತೊಮ್ಮೆ ಹಾಗಾಗುವುದು ಬೇಡ.

ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ, ನಿಮ್ಮ ಯಜಮಾನರು ಅಂಗಡಿಗೆ ಹೊರಡುವ ಮುಂಚೆ. ಅವರೂ ಇರಬೇಕು, ನಿಮ್ಮ ಅತ್ತೆಯೂ ಇರಬೇಕು. ನಿಮ್ಮನ್ನು ಅಜಾಗರೂಕಳು ಎಂದವರೆಲ್ಲ ಕೇಳಿಸಿಕೊಳ್ಳಬೇಕು. ಈ ಸುದ್ದಿ ಔಷಧಾಲಯಕ್ಕೆ ಮುಟ್ಟಿದರೆ ನನ್ನ ಕೆಲಸ ಉಳಿಯುವುದಿಲ್ಲ, ಅಣ್ಣನ ಮನೆಯಲ್ಲಿ ಆ ಹಿಂದಿನ ಕೋಣೆಯೂ ಉಳಿಯುತ್ತದೋ ಇಲ್ಲವೋ. ಅದು ನಿಮಗೆ ಸಂಬಂಧಪಟ್ಟದ್ದಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮಿಂದ ಒಂದು ಸಲ ಸುಳ್ಳು ಕ್ಷಮಾಪಣೆ ಹೇಳಿಸಿದವಳು ನಾನು.

ನೀವು ಬಾಗಿಲು ಹಾಕಿಕೊಂಡರೆ ಜಗುಲಿಯಲ್ಲಿ ನಿಂತೇ ಹೇಳುತ್ತೇನೆ, ಬೀದಿಯವರು ಕೇಳಿಸಿಕೊಂಡರೂ ಸರಿ. ಆ ಒಂದು ಮಾತಿದೆಯಲ್ಲ, ಇದು ಅವಳ ಸುಖಕ್ಕೆ ಎಂದದ್ದು, ಅದನ್ನು ಮಾತ್ರ ಯಾರ ಮುಂದೆಯೂ ಹೇಳುವುದಿಲ್ಲ. ನೀವು ಹತ್ತಿರ ಕರೆದರೆ ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ಹದಿನಾಲ್ಕು ವರ್ಷ ತಡವಾಗಿ, ಯಾವ ಉಪಯೋಗಕ್ಕೂ ಬಾರದ ಹೊತ್ತಿನಲ್ಲಿ. ಆದರೂ ಅದು ನಿಮಗೆಂದು ನನ್ನ ಕೈಗೆ ಕೊಟ್ಟ ಮಾತು, ನನ್ನ ಹತ್ತಿರ ಇರಕೂಡದು.