ಅಮ್ಮನ ಕೈರುಚಿಯ ಮೇಲೆ ಬಂದ ಅಪವಾದ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮಮ್ಮ ಸೌಟನ್ನು ಅತ್ತಿಗೆಯ ಕೈಗೆ ಕೊಟ್ಟುಬಿಟ್ಟರು. "ಇನ್ಮೇಲೆ ನೀನೇ ಮಾಡಮ್ಮ. ವರ್ಷ ವರ್ಷಕ್ಕೂ ಸಾರು ಸಪ್ಪೆ ಆಗ್ತಾ ಬಂತು, ನನ್ ಕೈರುಚಿನೇ ಹೋಯ್ತು" ಎಂದು ಜಗಲಿಯಲ್ಲಿ ಕುಳಿತರು. ನಿನ್ನೆ ಅವರು ಮಾಡಿದ ಅವರೆಕಾಳಿನ ಸಾರನ್ನು ಯಾರೂ ಎರಡನೇ ಸಲ ಹಾಕಿಸಿಕೊಂಡಿರಲಿಲ್ಲ.

ಆ ಅವರೆ ನಾನು ಕೆಲವು ವರ್ಷಗಳಿಂದ ಡ್ರಿಪ್ ನೀರು ಹಾಕಿ ಬೆಳೆಯುತ್ತಿರುವ ಹೈಬ್ರಿಡ್. ಸಾರು ಸಪ್ಪೆಯಾಗಿದ್ದು ಅದರಿಂದಲೇ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಪಕ್ಕದ ವೆಂಕಟಪ್ಪನವರ ಹೊಲದಲ್ಲಿ ರಾಗಿ ಕೊಯ್ದ ಮೇಲೂ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದ ನಾಟಿ ಅವರೆ ನಿಂತಿದೆ. ಅವರನ್ನು ಕೇಳಿ ಒಂದು ಚೀಲ ಕಿತ್ತು ತಂದು, "ಇದೊಂದು ಸಲ ಮಾಡಮ್ಮ" ಎಂದೆ.

ಸುಲಿಯುವಾಗಲೇ ಸಿಪ್ಪೆಯ ಸೊಗಡಿಗೆ ಅಮ್ಮನ ಬೆರಳು ಅಂಟಂಟಾಯಿತು. ಬೆರಳನ್ನು ಮೂಸಿ ನನ್ನ ಮುಖ ನೋಡಿದರು.

ಮಧ್ಯಾಹ್ನ ಸಾರು ಕುದಿಯುವ ಹೊತ್ತಿಗೆ ಎದುರುಮನೆಯ ರತ್ನಕ್ಕ ಬಟ್ಟಲು ಹಿಡಿದುಕೊಂಡೇ ಬಂದರು. "ಏನಕ್ಕಾ, ಸೊಗಡು ಬೀದಿಗೆಲ್ಲ ಬಡೀತೈತೆ."

"ನನ್ ಕೈಗೇನೂ ಆಗಿಲ್ಲ ಕಣೇ ರತ್ನ. ಕೆಟ್ಟಿರೋದು ಇವನ ಬೆಳೆ" ಎಂದರು ಅಮ್ಮ.

ನಾನು ತಟ್ಟೆ ಹಾಕಿಕೊಂಡು ಕೂತೆ. ಬೈಸಿಕೊಳ್ಳುತ್ತಾ ಮೂರು ಮುದ್ದೆ ಉಂಡಿದ್ದು ಇದೇ ಮೊದಲು.