ಮೇಷ್ಟ್ರು ಮತ್ತು ಬೇಯಿಸಿದ ಮೊಟ್ಟೆ
ನಮ್ಮ ಶಾಲೆಯ ಜೀವಶಾಸ್ತ್ರದ ಮೇಷ್ಟ್ರ ಎದುರು ಕೂತು ಊಟದ ಡಬ್ಬಿ ತೆರೆಯುವುದೆಂದರೆ ಕೈಯಾರೆ ಪಾಠವನ್ನು ಮೈಮೇಲೆ ಎಳೆದುಕೊಂಡಂತೆ. ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ಕಂಡರಂತೂ ಮುಗಿದೇ ಹೋಯಿತು. "ಅವಸರ ಬೇಡ ಸಾರ್, ಚೆನ್ನಾಗಿ ಅಗೀರಿ. ಪ್ರೋಟೀನು ಅಂದ್ರೆ ಮುದುರಿಕೊಂಡಿರೋ ಸರಪಳಿ. ಹೊಟ್ಟೇಲಿರೋ ಆಮ್ಲ ಮೊದಲು ಅದನ್ನ ಬಿಡಿಸುತ್ತೆ, ಆಮೇಲೆ ಪೆಪ್ಸಿನ್ ಅನ್ನೋ ಜೀರ್ಣರಸ ಕತ್ತರಿ ಹಾಕುತ್ತೆ," ಎನ್ನುತ್ತಾ ನನ್ನ ಅಂಗಿಯ ಗುಂಡಿಗಳ ಮೇಲೆ ಬೆರಳು ಇಳಿಸಿ ಅದು ಹೋಗುವ ದಾರಿ ತೋರಿಸುತ್ತಾರೆ. ಅವರಿಗೆ ಹೆದರಿ ಗಣಿತದ ಮೇಡಂ ಮೊಟ್ಟೆಯನ್ನು ಅನ್ನದಡಿ ಹೂತಿಟ್ಟು ತರುತ್ತಾರೆ. ಮೇಷ್ಟ್ರ ಮೂಗು ಅದನ್ನೂ ಅಗೆದು ತೆಗೆಯುತ್ತದೆ. ವ್ಯಾಯಾಮದ ಮೇಷ್ಟ್ರು ಒಮ್ಮೆ ಆರು ಮೊಟ್ಟೆ ನುಂಗಿ ತೋಳು ಮುಟ್ಟಿ ನೋಡಿಕೊಂಡಾಗ, "ಇನ್ನೂ ಅಲ್ಲಿಗೆ ತಲುಪಿಲ್ಲ ಸಾರ್. ಸಣ್ಣ ಕರುಳಲ್ಲಿ ಚೂರುಚೂರಾಗಿ, ಅಮೈನೊ ಆಮ್ಲ ಆಗಿ, ರಕ್ತಕ್ಕೆ ಸೇರಬೇಕು. ಸಂಜೆ ತನಕ ತಾಳ್ಕೊಳಿ," ಎಂದು ಸಮಾಧಾನ ಹೇಳಿದ್ದರು. ಮೊನ್ನೆ ಜೀವಶಾಸ್ತ್ರದ ಮೇಷ್ಟ್ರು ಶಾಲೆಯಲ್ಲಿ ಮರೆತುಹೋದ ಕೊಡೆಯನ್ನು ಕೊಡಲು ಅವರ ಮನೆಗೆ ಹೋದೆ. ಶಸ್ತ್ರಚಿಕಿತ್ಸೆಯಲ್ಲಿ ಜಠರದ ಬಹುಭಾಗ ಕಳೆದುಕೊಂಡ ಹೆಂಡತಿಗೆ ಊಟ ಮಾಡಿಸುತ್ತಿದ್ದರು. ಮೊಟ್ಟೆಯನ್ನು ಹಾಲಿನಲ್ಲಿ ನುಣ್ಣಗೆ ಕಿವುಚಿ, ಜರಡಿಯಲ್ಲಿ ಸೋಸಿ, ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ಕೊಟ್ಟರು. ಆಕೆ ನುಂಗಿದರು. ಮೇಷ್ಟ್ರು ಒಂದು ಮಾತೂ ಆಡದೆ, ಎತ್ತಿದ ಕೈ ಇಳಿಸದೆ, ಆಕೆಯ ಮುಖವನ್ನೇ ನೋಡುತ್ತಾ ಕಾದರು. "ಇಳೀತು ಕಣ್ರೀ, ಇವತ್ತು ನೋವಿಲ್ಲ. ಹಾಗೆ ನೋಡ್ಬೇಡಿ, ನಾಚಿಕೆ ಆಗುತ್ತೆ," ಎಂದರು ಆಕೆ. ಮೇಷ್ಟ್ರು ಆಕೆಯ ಮಾತು ಕೇಳಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು, ಕಣ್ಣೊರೆಸಿಕೊಂಡು ಇನ್ನೊಂದು ಚಮಚ ತುಂಬಿದರು.