ಕೋದಂಡರಾಮಪ್ಪನವರ ಸೋಮವಾರದ ಮೋಡ

ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಹಿಂದಿನಿಂದ ಮೂರನೆಯ ಡಬ್ಬಿಯಲ್ಲಿ, ಸೋಮವಾರಗಳಂದು ಇಸ್ಪೀಟು ತಡವಾಗಿ ಶುರುವಾಗುತ್ತಿತ್ತು. ಅದಕ್ಕೆ ಮೊದಲು ಕೋದಂಡರಾಮಪ್ಪನವರ ಮೋಡ ಒಂದು ಸುತ್ತು ಬರಬೇಕಿತ್ತು.

ಅದೊಂದು ಅಂಗೈಗಿಂತ ಚಿಕ್ಕದಾದ, ಚೌಕಾಕಾರದ ಕಪ್ಪು-ಬಿಳುಪು ಫೋಟೋ. ಕೋದಂಡರಾಮಪ್ಪ ಅದನ್ನು ಅಂಗಿಯ ಜೇಬಿನಿಂದ ತೆಗೆದು ಕಿಟಕಿಯ ಪಕ್ಕದವರಿಗೆ ಕೊಡುತ್ತಿದ್ದರು. ಫೋಟೋ ಎಲ್ಲರ ಕೈ ದಾಟುವವರೆಗೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಆಮೇಲೆ ಒಬ್ಬೊಬ್ಬರೂ ತಮಗೆ ಕಂಡದ್ದನ್ನು ಹೇಳಬೇಕು. ಬಸವ, ಹುಂಜ, ಬೆಟ್ಟ, ಒಲೆ, ಯಾರದೋ ಮಾವನ ಮೂಗು ಎಲ್ಲ ಬರುತ್ತಿದ್ದವು. ಕೊನೆಯ ಮಾತು ಕೋದಂಡರಾಮಪ್ಪನವರದು. ‘ಮೊರದಲ್ಲಿ ರಾಗಿ ಕೇರುತ್ತಿರುವ ಮುದುಕಿ’ ಎಂದು ಅವರು ಹೇಳಿದ ಮೇಲೆ ಆ ಮೋಡದಲ್ಲಿ ಬೇರೆ ಏನನ್ನೂ ಕಾಣಲು ಯಾರಿಂದಲೂ ಆಗುತ್ತಿರಲಿಲ್ಲ. ಮುದುಕಿಯ ಬಾಗಿದ ಬೆನ್ನು, ಮೊರದ ತುದಿಯಿಂದ ಹಾರುವ ಹೊಟ್ಟು ಎಲ್ಲವೂ ಅಲ್ಲೇ ಇರುತ್ತಿದ್ದವು. ಬೆಂಗಳೂರಿನ ಅಂಚೆ ಕಚೇರಿಯೊಂದರಲ್ಲಿ ಕಾಗದ ವಿಂಗಡಿಸುತ್ತಿದ್ದ ಗಂಗುಲಪ್ಪ ಮಾತ್ರ, ಇಷ್ಟು ಚುರುಕಾದ ಕಣ್ಣಿರುವವನು ಇಸ್ಪೀಟಿನಲ್ಲಿ ದಿನಾ ಹೇಗೆ ಸೋಲುತ್ತಾನೆ ಎಂದು ಕೇಳುತ್ತಿದ್ದ.

ಪ್ರಶ್ನೆ ಸರಿಯಾಗಿಯೇ ಇತ್ತು. ಕೋದಂಡರಾಮಪ್ಪನವರಿಗೆ ಮೋಡದಲ್ಲಿ ಎಂದೂ ಏನೂ ಕಂಡಿರಲಿಲ್ಲ.

ಬೈಯಪ್ಪನಹಳ್ಳಿ ಬಳಿಯ ಕಾರ್ಖಾನೆಯಲ್ಲಿ ಅವರ ಕೆಲಸ ಉಕ್ಕಿನ ಬಿಡಿಭಾಗಗಳನ್ನು ಅಳೆದು ನೋಡುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕಿಡುವುದು. 1974ರಲ್ಲಿ ಕಾರ್ಖಾನೆಯ ಲಾಟರಿ ಚೀಟಿಯಲ್ಲಿ ಅವರಿಗೆ ಡಬ್ಬಿಯಂಥ ಒಂದು ಕ್ಯಾಮೆರಾ ಬಂತು. ಒಂದು ರೋಲಿಗೆ ಹನ್ನೆರಡು ಚಿತ್ರ. ಮನೆಯವರು, ನೆಂಟರು, ಹಸು ಎಲ್ಲ ಸೇರಿ ಹನ್ನೊಂದಾದವು. ಹನ್ನೆರಡನೆಯದಕ್ಕೆ ಯಾರೂ ಸಿಗದೆ ಕೆರೆ ಏರಿಯ ಮೇಲೆ ನಿಂತು ಆಕಾಶಕ್ಕೆ ಗುರಿಯಿಟ್ಟರು.

ಪ್ರಿಂಟುಗಳು ಬಂದಾಗ ಹೆಂಡತಿ ಗಂಗರತ್ನಮ್ಮ ರೇಷ್ಮೆ ಸೀರೆಯುಟ್ಟ ತಮ್ಮ ಫೋಟೋವನ್ನು ಬದಿಗಿಟ್ಟು ಆಕಾಶದ್ದನ್ನೇ ಹಿಡಿದುಕೊಂಡು ಕೂತರು. ಅದೊಂದು ಎಮ್ಮೆ, ಮುಂಗಾಲು ಮಡಚಿ ಏಳುತ್ತಿದೆ ಎಂದರು. ಕೋದಂಡರಾಮಪ್ಪ ತಿರುಗಿಸಿ ತಿರುಗಿಸಿ ನೋಡಿದರು. ಮೋಡ ಎಲ್ಲಿ ದಪ್ಪ, ಎಲ್ಲಿ ತೆಳು, ಅಂಚು ಎಲ್ಲಿ ಹರಿದಿದೆ ಎಂಬುದೆಲ್ಲ ಕಂಡಿತು. ಎಮ್ಮೆ ಕಾಣಲಿಲ್ಲ.

ಗಂಗರತ್ನಮ್ಮನ ತವರು ಮುಳಬಾಗಿಲು ತಾಲ್ಲೂಕಿನ ಬೈರಕೂರು. ಚಿಕ್ಕವರಿದ್ದಾಗ ಅಪ್ಪನ ಮಾವಿನ ತೋಪಿನಲ್ಲಿ ಗಿಳಿ ಓಡಿಸಲು ಅಟ್ಟಣೆಯ ಮೇಲೆ ಮಲಗಿ ಬೇಸಿಗೆಗಳನ್ನು ಕಳೆದವರು. ಮೋಡದಲ್ಲಿ ಏನಾದರೂ ಕಂಡಾಗ ಕೆಳಗಿದ್ದ ತಂಗಿ ಎಲ್ಲಮ್ಮನನ್ನು ಕೂಗುತ್ತಿದ್ದರು. ಅವಳು ಏಣಿ ಹತ್ತಿ ಬರುವಷ್ಟರಲ್ಲಿ ಗಾಳಿ ಎಲ್ಲವನ್ನೂ ಅಳಿಸಿರುತ್ತಿತ್ತು. “ಅನ್ನೀ ಅಬದ್ಧಾಲೇ,” ಎಲ್ಲಾ ಸುಳ್ಳೇ, ಎಂದು ತೆಲುಗಿನಲ್ಲಿ ಬೈದು ತಂಗಿ ಇಳಿದುಹೋಗುತ್ತಿದ್ದಳು. ಊರಿನಲ್ಲಿ ಬಹಳ ವರ್ಷ ಗಂಗರತ್ನಮ್ಮನಿಗೆ ಸುಳ್ಳಿ ಎಂಬ ಹೆಸರೇ ಇತ್ತು.

“ಇದಾದ್ರೆ ಎಲ್ಲೂ ಹೋಗಲ್ಲ,” ಎಂದು ಅವರು ಎಮ್ಮೆಯ ಫೋಟೋವನ್ನು ಗೂಡಿನಲ್ಲಿಟ್ಟರು. “ಯಾರನ್ನ ಬೇಕಾದ್ರೂ ಕರ್ದು ತೋರಿಸ್ಬೋದು.”

ಅಂದಿನಿಂದ ಪ್ರತಿ ರೋಲಿನಲ್ಲೂ ಮೋಡಗಳೇ ಹೆಚ್ಚಾದವು. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಮುನಿರಾಮಪ್ಪ, ಮಸೂರದ ಮುಂದೆ ಹಳದಿ ಜಿಲೆಟಿನ್ ಕಾಗದ ಹಿಡಿದರೆ ಆಕಾಶ ಕಪ್ಪಾಗಿ ಮೋಡ ಎದ್ದು ಬರುತ್ತದೆ ಎಂದು ಹೇಳಿಕೊಟ್ಟ. ಕ್ಯಾಮೆರಾ ಬುತ್ತಿಯ ಚೀಲ ಸೇರಿತು. ಇಟ್ಟಿಗೆ ಗೂಡುಗಳ ಹೊಗೆ ಅಡ್ಡ ಬರದ ಜಾಗಗಳನ್ನು ಕೋದಂಡರಾಮಪ್ಪ ಗುರುತು ಮಾಡಿಕೊಂಡರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೊಸ ಪ್ರಿಂಟುಗಳನ್ನು ಹೆಂಡತಿಯ ಮುಂದೆ ಹರಡಿ, ಅವರು ಹೇಳಿದ್ದನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು.

ರೈಲಿನಲ್ಲಿ ಹೇಳುತ್ತಿದ್ದುದು ತಾವೇ ಕಂಡದ್ದು ಎಂದು ಅವರು ಒಮ್ಮೆಯೂ ಹೇಳಿಕೊಂಡಿರಲಿಲ್ಲ. ಆದರೆ ಆ ಡಬ್ಬಿಯಲ್ಲಿ ಯಾರೂ ಹೆಂಡತಿಯ ಹೆಸರು ಎತ್ತುತ್ತಿರಲಿಲ್ಲ. ಹೆಚ್ಚೆಂದರೆ ‘ಮನೇಲಿ’ ಎನ್ನುತ್ತಿದ್ದರು. ಮೊದಲ ಸೋಮವಾರ ಎಮ್ಮೆ ಎಂದು ಹೇಳಿದ ಮೇಲೆ ಅವರೂ “ಮನೇಲಿ...” ಎಂದು ಶುರು ಮಾಡಿದ್ದರು. ಅಷ್ಟರಲ್ಲಿ ಗಂಗುಲಪ್ಪ ಎಮ್ಮೆಯನ್ನು ಕಂಡು ಕೂಗಿಕೊಂಡ, ಎಲ್ಲರೂ ಕೋದಂಡರಾಮಪ್ಪನವರ ಬೆನ್ನು ತಟ್ಟಿದರು. ಆ ವಾಕ್ಯ ನಾಲ್ಕು ವರ್ಷ ಅಲ್ಲೇ ನಿಂತಿತು.

1978ರ ಜುಲೈ ತಿಂಗಳ ಒಂದು ಗುರುವಾರ ದೇವನಗೊಂದಿಯ ಸಿಗ್ನಲ್ ಬೀಳದೆ ರೈಲು ಹೊಲಗಳ ನಡುವೆ ನಿಂತುಬಿಟ್ಟಿತು. ಹೊರಗೆ ಒಂದೇ ಒಂದು ದೊಡ್ಡ ಮೋಡ. ಗಂಗುಲಪ್ಪ ಇಸ್ಪೀಟಿನ ಎಲೆಗಳನ್ನು ಕೆಳಗಿಟ್ಟ.

“ಲೇ ಕೋದಂಡ, ಫೋಟೋ ಬೇಡ ಇವತ್ತು. ಅದೇನು ಹೇಳು ನೋಡೋಣ.”

ಕೋದಂಡರಾಮಪ್ಪ ನೋಡಿದರು. ಡಬ್ಬಿಯೆಲ್ಲ ಅವರನ್ನು ನೋಡಿತು. ಎಂಜಿನ್ ಎರಡು ಸಲ ಕೂಗಿತು.

“ಆನೆ,” ಎಂದರು.

“ಆನೆ ಅಂತ ನಮ್ಮಜ್ಜೀನೂ ಹೇಳ್ತಾಳೆ ಕಣಯ್ಯ, ಅವಳಿಗೆ ಎರಡೂ ಕಣ್ಣಿಗೆ ಪೊರೆ. ನಿಜ ಹೇಳು, ಇಷ್ಟು ದಿನ ಹೇಳ್ತಿದ್ದೋನು ಯಾವನು?”

ಕೋದಂಡರಾಮಪ್ಪ ಚೀಲದಿಂದ ಕ್ಯಾಮೆರಾ ಹೊರತೆಗೆದು, ಹಳದಿ ಕಾಗದ ಹಿಡಿದು, ಆ ಮೋಡದ ಫೋಟೋ ತೆಗೆದರು. ಅದು ರೋಲಿನ ಕೊನೆಯ ಚಿತ್ರ. ಸೋಮವಾರ ಹೇಳುವುದಾಗಿ ಮಾತು ಕೊಟ್ಟರು.

ಭಾನುವಾರ ಪ್ರಿಂಟನ್ನು ಹೆಂಡತಿಯ ಮುಂದಿಟ್ಟು ನಡೆದದ್ದನ್ನು ನಗುತ್ತಲೇ ಹೇಳಿದರು. ಅರ್ಧದಲ್ಲಿ ನಗು ನಿಂತಿತು. ತಾವು ಕಂಡದ್ದೆಲ್ಲ ರೈಲಿನಲ್ಲಿ ಯಾರ ಹೆಸರಿನಲ್ಲಿ ಓಡಾಡುತ್ತಿತ್ತು ಎಂಬುದು ಗಂಗರತ್ನಮ್ಮನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ಪ್ರಿಂಟನ್ನು ಒಂದು ಗಳಿಗೆ ನೋಡಿ ಹಿಂದಕ್ಕೆ ಕೊಟ್ಟರು.

“ನಂಗೂ ಮೋಡ ಥರಾನೇ ಕಾಣ್ತದೆ,” ಎಂದು ಹೇಳಿ ಅಕ್ಕಿ ಆರಿಸಲು ಕೂತರು. ರಾತ್ರಿ ಊಟಕ್ಕೆ ಬಡಿಸಿದರು, ಬೆಳಗ್ಗೆ ಬುತ್ತಿಯನ್ನೂ ಕಟ್ಟಿದರು. ಮೋಡದ ಮಾತು ಮಾತ್ರ ಬರಲಿಲ್ಲ.

ಸೋಮವಾರ ಫೋಟೋ ಡಬ್ಬಿಯನ್ನು ಸುತ್ತಿ ವಾಪಸು ಬಂತು. ಕೋದಂಡರಾಮಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು, ತಮಗೆ ಇದರಲ್ಲಿ ಏನೂ ಕಂಡಿಲ್ಲ, ಯಾವುದರಲ್ಲೂ ಕಂಡಿಲ್ಲ, ಎಲ್ಲಾ ಮನೇಲಿ ಹೇಳಿದ್ದು ಎಂದರು.

“ಮನೇಲಿ ಅಂದ್ರೆ ಯಾರಯ್ಯ?” ಎಂದ ಗಂಗುಲಪ್ಪ. “ನಿಮ್ಮಪ್ಪನೋ, ನಿಮ್ಮ ಹಸುವೋ?”

ಕೋದಂಡರಾಮಪ್ಪನವರ ಕಿವಿ ಕೆಂಪಾಯಿತು. “ಗಂಗರತ್ನಮ್ಮ,” ಎಂದರು.

ಮದುವೆಯ ದಿನ ಹೆಂಡತಿಯ ಹೆಸರು ಸೇರಿಸಿ ಒಡಪು ಹೇಳಿದ್ದನ್ನು ಬಿಟ್ಟರೆ ನಾಲ್ಕು ಜನರೆದುರು ಅವರು ಆ ಹೆಸರು ಹೇಳಿದ್ದು ಅದೇ ಮೊದಲು. ಆಮೇಲೆ ಗಂಗುಲಪ್ಪ, ಹಾಗಾದರೆ ಇದು ಏನೆಂದು ಆ ತಾಯಿಯನ್ನೇ ಕೇಳಿಕೊಂಡು ಬಾ, ಅಲ್ಲಿಯವರೆಗೆ ಆನೆಯೂ ಬೇಡ ಏನೂ ಬೇಡ ಎಂದು ಎಲೆ ಹಂಚಿದ.

ಸಂಜೆ ಕೋದಂಡರಾಮಪ್ಪ ಮನೆಗೆ ಬಂದು ಚೀಲ ಇಳಿಸುತ್ತ, ರೈಲಿನಲ್ಲಿ ಹೇಳಿಬಿಟ್ಟೆ ಎಂದರು.

“ಹೆಸರು ಹೇಳಿದ್ರಾ?”

“ಹೇಳ್ದೆ.”

“ಪೂರ್ತಿ?”

“ಪೂರ್ತಿ.”

ಗಂಗರತ್ನಮ್ಮ ಕೈ ಒರೆಸಿಕೊಂಡು ಫೋಟೋ ಇಸಿದುಕೊಂಡರು. ಹೊಸದಾಗಿ ನೋಡುವ ಅಗತ್ಯವೇ ಇರಲಿಲ್ಲ ಎಂಬಂತೆ ಕೂಡಲೇ ಹೇಳಿದರು: “ಹುಲ್ಲಿನ ಹೊರೆ ಹೊತ್ತಿರೋ ಹೆಂಗಸು. ಒಂದು ಕೈ ಹೊರೆ ಮೇಲೆ, ಇನ್ನೊಂದು ಸೊಂಟದ ಮೇಲೆ. ಆ ಕಡೆ ತಿರುಗಿದಾಳೆ, ಅದಕ್ಕೆ ಮುಖ ಕಾಣ್ತಿಲ್ಲ.”

ಮಂಗಳವಾರ ಮೂರನೆಯ ಡಬ್ಬಿಯಲ್ಲಿ ಎಲ್ಲರಿಗೂ ಅವಳು ಕಂಡಳು.

ಆಮೇಲಿನ ಪ್ರಿಂಟುಗಳ ಹಿಂಬದಿಯಲ್ಲಿ ಪೆನ್ಸಿಲಿನ ಎರಡು ಸಾಲುಗಳಿವೆ. ತೆಗೆದವರು ಕೋದಂಡರಾಮಪ್ಪ, ಕಂಡವರು ಗಂಗರತ್ನಮ್ಮ. ಗಂಗುಲಪ್ಪ ಅವುಗಳಲ್ಲಿ ಆರನ್ನು ಬೇಡಿ ಪಡೆದು ತನ್ನ ಮನೆಯ ಕನ್ನಡಿಯ ಅಂಚಿಗೆ ಸಿಕ್ಕಿಸಿಕೊಂಡಿದ್ದ. ಬೈರಕೂರಿನ ಎಲ್ಲಮ್ಮನಿಗೆ ಒಂದು ಕಟ್ಟು ಅಂಚೆಯಲ್ಲಿ ಹೋಯಿತು. ಉತ್ತರ ಬರಲಿಲ್ಲ, ಆದರೆ ಮುಂದಿನ ಬೇಸಿಗೆಯಲ್ಲಿ ಒಂದು ಬುಟ್ಟಿ ಮಾವಿನಹಣ್ಣು ಬಂತು.

1983ರಲ್ಲಿ ಒಂದು ಭಾನುವಾರ ಕೋದಂಡರಾಮಪ್ಪ ಹೊಸ ಪ್ರಿಂಟು ಹಿಡಿದು ಅಡುಗೆಮನೆಗೆ ಬಂದರು. ತಮಗೆ ಕಂಡಿದೆ ಎಂದರು. ಬೀಸುವ ಕಲ್ಲು. ಇದು ಗೂಟ, ಇಲ್ಲಿ ಹಿಟ್ಟು ಬೀಳುತ್ತಿದೆ ಎಂದು ಬೆರಳಿಟ್ಟು ತೋರಿಸಿದರು. ಗಂಗರತ್ನಮ್ಮ ಬಾಗಿಲ ಬೆಳಕಿಗೆ ಹಿಡಿದು, ತಲೆಕೆಳಗು ಮಾಡಿ, ಬಹಳ ಹೊತ್ತು ನೋಡಿದರು.

“ಇಲ್ಲ ಬಿಡಿ,” ಎಂದರು. “ಇದು ಬರೀ ಮೋಡ.”

ಕೋದಂಡರಾಮಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಪೆನ್ಸಿಲು ಹುಡುಕಿ ಫೋಟೋದ ಹಿಂದೆ ಬರೆದರು: ಕಂಡವರು ಕೋದಂಡರಾಮಪ್ಪ. ಬೇರೆ ಯಾರಿಗೂ ಕಂಡಿಲ್ಲ.